‘ಪಿ’ ಎಂಬ ಅಗುಳಿ



ವಾಹನವನ್ನು ನಡೆಸುವುದು ವಿದ್ಯೆ, ನಿಲ್ಲಿಸುವುದು ಸಾಮಾನ್ಯ ತಿಳಿವಳಿಕೆ ಎಂದು ಬಹುಮಂದಿ ಎಣಿಸಿದ್ದಾರೆ. ನಿಂತ ವಾಹನವನ್ನು ಮತ್ತೆ ಹೊರಡಿಸುವುದಂತೂ ಮಾತನಾಡಬೇಕಾದ ಸಂಗತಿಯೇ ಅಲ್ಲವೆಂಬುದು ಅವರ ಮತ. ಹೀಗಿರುವಾಗ, ತಾನಾಗಿಯೇ ಗೇರು ಬದಲಿಸಿಕೊಳ್ಳುವ, ಜನರ ಬಾಯಲ್ಲಿ ‘ಆಟೋಮ್ಯಾಟಿಕ್’ ಎನಿಸಿಕೊಂಡಿರುವ ಕಾರೊಂದನ್ನು ‘ಪಿ’ ಎಂಬ ಅಕ್ಷರದಿಂದ ಹೊರಕ್ಕೆ ತರುವ ಕ್ರಮವನ್ನು ಕುರಿತು, ಬದುಕೆಲ್ಲ ಹಳಗನ್ನಡ ಪಾಠ ಹೇಳಿದವನೊಬ್ಬ ಮಾತನಾಡುತ್ತಾನೆಂದರೆ ತಮಗೆ ನಗು ಬಂದೀತು. ಬರಲಿ. ಅಕ್ಷರಗಳ ಸಹವಾಸದಲ್ಲಿಯೇ ನಾಲ್ಕು ದಶಕ ಕಳೆದವನಿಗೆ, ಒಂದು ಅಕ್ಷರದ ಅರ್ಥವನ್ನು ತಪ್ಪಾಗಿ ತಿಳಿದರೆ ಒಂದೂವರೆ ಟನ್ನು ಭಾರದ ಕಬ್ಬಿಣ ತನ್ನಷ್ಟಕ್ಕೆ ಉರುಳಿಬಿಡಬಹುದು ಎಂಬ ಸಂಗತಿ ಉಪೇಕ್ಷಿಸತಕ್ಕದ್ದೆಂದು ತೋರಲಿಲ್ಲ.

ನಾನಿರುವುದು ರಾಮನಗರದಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಸೀಮೆ ಮೋಟಾರು ವಾಹನಗಳಿಗೆ ಅಪರಿಚಿತವಾದುದೇನಲ್ಲ. ಬೆಂಗಳೂರು-ಮೈಸೂರು ರಸ್ತೆ ನಮ್ಮ ಮನೆಗಳ ಜಗುಲಿಯನ್ನೇ ಸವರಿಕೊಂಡು ಹೋಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಈಗ ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿದೆ. ಅಲ್ಲಿ ತಯಾರಾದ ಕ್ವಾಲಿಸ್ ಗಾಡಿ 2000ದಲ್ಲಿ ಮಾರುಕಟ್ಟೆಗೆ ಬಂದಿತು. 2005ರಲ್ಲಿ ಇನ್ನೋವಾ ಅದರ ಜಾಗವನ್ನು ಹಿಡಿಯಿತು. ಆ ಆವರಣದ ಸೋದರ ಕಾರ್ಖಾನೆಯೊಂದರಲ್ಲಿ ತಯಾರಾದ, ಕೈಯಿಂದ ಬದಲಿಸುವ ಗೇರುಪೆಟ್ಟಿಗೆಗಳು ಹೊರದೇಶಗಳಿಗೂ ಹೋಗಿವೆ. ಲೋಕಕ್ಕೆ ಗೇರುಪೆಟ್ಟಿಗೆ ಮಾಡಿಕೊಟ್ಟ ಊರಿನ ನೆರೆಹೊರೆಯವರು ಈಗ ಒಬ್ಬೊಬ್ಬರಾಗಿ ಗೇರು ಹಾಕುವ ಕೆಲಸವನ್ನೇ ಬಿಟ್ಟುಕೊಡುತ್ತಿದ್ದಾರೆ. ಇದರಲ್ಲಿ ವಿಡಂಬನೆಯನ್ನು ಹುಡುಕಬೇಕಾಗಿಲ್ಲ. ಮಂಡಿನೋವು ಬಂದವನಿಗೆ ಎಡಗಾಲಿನ ಕ್ಲಚ್ಚು ಇಲ್ಲದ ಕಾರು ವರವೇ ಸರಿ. ನನ್ನಂಥ ನಿವೃತ್ತರು, ಸ್ಕೂಟರಿನಿಂದ ನೇರವಾಗಿ ಕಾರಿಗೆ ಬಂದ ಹೆಣ್ಣುಮಕ್ಕಳು, ಬೆಂಗಳೂರಿನ ದಟ್ಟಣೆಯಲ್ಲಿ ದಿನವೂ ತೆವಳುವ ನೌಕರರು ಇವರೆಲ್ಲರೂ ಈ ಗಾಡಿಗಳನ್ನು ಕೊಳ್ಳುತ್ತಿದ್ದಾರೆ. ಕೊಂಡವರಿಗೆ ನಡೆಸುವುದು ಒಂದು ಮಧ್ಯಾಹ್ನದಲ್ಲಿ ಬಂದುಬಿಡುತ್ತದೆ. ನಿಲ್ಲಿಸುವುದನ್ನೂ, ನಿಲ್ಲಿಸಿದಲ್ಲಿಂದ ಬಿಡಿಸಿಕೊಳ್ಳುವುದನ್ನೂ ಅವರಿಗೆ ಹೇಳಿಕೊಡುವವರು ಕಡಮೆ.

ಇಂಥ ಕಾರಿನ ಗೇರ್ ರಾಡಿನ ಬದಿಯಲ್ಲಿ ನಾಲ್ಕು ಅಕ್ಷರಗಳಿರುತ್ತವೆ. ಪಿ, ಆರ್, ಎನ್, ಡಿ. ಪಿ ಎಂದರೆ ನಿಲುಗಡೆ, ಆರ್ ಎಂದರೆ ಹಿಮ್ಮುಖ, ಎನ್ ಎಂದರೆ ತಟಸ್ಥ, ಡಿ ಎಂದರೆ ನಡೆ. ಈ ಅನುಕ್ರಮ ಮೊದಲಿನಿಂದ ಇದ್ದುದಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 1939ರಲ್ಲಿ ಓಲ್ಡ್ಸ್‌ಮೊಬೈಲ್ ಕಾರಿಗೆ ‘ಹೈಡ್ರಾಮ್ಯಾಟಿಕ್’ ಎಂಬ ಯಂತ್ರವನ್ನು ಕೂಡಿಸಿದಾಗ ಅದರಲ್ಲಿ ‘ಪಿ’ ಎಂಬುದೇ ಇರಲಿಲ್ಲ. ಇಂಜಿನ್ನನ್ನು ಆರಿಸಿ, ರಾಡನ್ನು ಹಿಮ್ಮುಖಕ್ಕೆ ಹಾಕಿ ಇಳಿಯಬೇಕಿತ್ತು. 1948ರಲ್ಲಿ ಅದೇ ಕಂಪೆನಿಯ ಬ್ಯೂಯಿಕ್ ಗಾಡಿಗೆ ‘ಡೈನಾಫ್ಲೋ’ ಬಂದಾಗ ಸಾಲಿನ ಮೊದಲಲ್ಲಿ ‘ಪಿ’ ಕಾಣಿಸಿಕೊಂಡಿತು. ಆದರೆ ‘ಆರ್’ ಅಲ್ಲಿ ಸಾಲಿನ ಕೊನೆಗಿತ್ತು. ಒಬ್ಬೊಬ್ಬರದು ಒಂದೊಂದು ವರ್ಣಮಾಲೆ. ಮುಂದಕ್ಕೆ ಹೋಗುವ ಅಕ್ಷರಕ್ಕೂ ಹಿಂದಕ್ಕೆ ಹೋಗುವ ಅಕ್ಷರಕ್ಕೂ ನಡುವೆ ತಟಸ್ಥವಾದುದೊಂದು ಇರಲೇಬೇಕೆಂದು ಅಮೆರಿಕ ಸರ್ಕಾರ ವಿಧಿಸಿದ್ದು 1968ರಿಂದ. ನಮ್ಮ ವೈಯಾಕರಣರು ವರ್ಗಾಕ್ಷರಗಳನ್ನು ಉಚ್ಚಾರಣಸ್ಥಾನದ ಪ್ರಕಾರ ಜೋಡಿಸಿದ್ದರಲ್ಲಿ ಎಂಥ ವಿವೇಕವಿತ್ತೋ, ಈ ನಾಲ್ಕು ಅಕ್ಷರಗಳ ಜೋಡಣೆಯಲ್ಲಿಯೂ ಅಂಥದೇ ವಿವೇಕವುಂಟು.

ಈಗ ‘ಪಿ’ಯ ಅರ್ಥಕ್ಕೆ ಬರೋಣ. ಅದು ಒಂದು ಬಗೆಯ ಬ್ರೇಕು ಎಂದು ನೂರರಲ್ಲಿ ತೊಂಬತ್ತು ಮಂದಿ ನಂಬಿದ್ದಾರೆಂದು ನನ್ನ ಊಹೆ. ಅದು ಬ್ರೇಕಲ್ಲ. ಗೇರುಪೆಟ್ಟಿಗೆಯಿಂದ ಗಾಲಿಗಳ ಕಡೆಗೆ ಹೊರಡುವ ದಂಡದ ಮೇಲೆ ಹಲ್ಲುಗಳುಳ್ಳ ಒಂದು ಚಕ್ರವಿರುತ್ತದೆ. ನಾವು ರಾಡನ್ನು ‘ಪಿ’ಗೆ ತಂದಾಗ ಬೆರಳಿನಷ್ಟು ಗಾತ್ರದ ಒಂದು ಉಕ್ಕಿನ ಕೊಕ್ಕೆ ಆ ಚಕ್ರದ ಎರಡು ಹಲ್ಲುಗಳ ನಡುವಣ ಸಂದಿಗೆ ಇಳಿದು ಕೂರುತ್ತದೆ. ಅಲ್ಲಿಗೆ ದಂಡ ತಿರುಗದು, ಗಾಲಿ ಉರುಳದು. ಕೊಕ್ಕೆ ಇಳಿಯುವ ಹೊತ್ತಿಗೆ ಸಂದಿ ಸರಿಯಾಗಿ ಎದುರಿಗಿರದಿದ್ದರೆ ಅದು ಹಲ್ಲಿನ ನೆತ್ತಿಯ ಮೇಲೆ ಕಾದುಕೊಂಡಿದ್ದು, ಗಾಡಿ ಅಂಗುಲ ಎರಡಂಗುಲ ಜರುಗಿದ ಮೇಲೆ ‘ಟಕ್’ ಎಂದು ಬೀಳುತ್ತದೆ. ಬ್ರೇಕಿನಿಂದ ಕಾಲು ತೆಗೆದೊಡನೆ ಕಾರು ಕೊಂಚ ಅಲುಗಿ ನಿಲ್ಲುವುದನ್ನು ತಾವು ಕಂಡಿದ್ದೀರಿ. ಅದು ಕೊಕ್ಕೆ ಹಲ್ಲಿಗೆ ಒರಗಿಕೊಂಡ ಕ್ಷಣ.

ಇದಕ್ಕೆ ಕನ್ನಡದಲ್ಲಿ ಹೊಸ ಮಾತನ್ನು ಕಟ್ಟುವ ಅಗತ್ಯ ನನಗೆ ಕಾಣಲಿಲ್ಲ. ಬಾಗಿಲ ಹಿಂದೆ ಅಡ್ಡಲಾಗಿ ಜರುಗಿಸುವ ಮರದ ಅಥವಾ ಕಬ್ಬಿಣದ ಪಟ್ಟಿಯನ್ನು ನಮ್ಮವರು ಅಗುಳಿ ಎಂದರು. ನಮ್ಮ ಹಳ್ಳಿಗಳಲ್ಲಿ ಅಗಣಿ ಎಂಬುದೂ ಉಂಟು. ‘ಪಿ’ ಎಂಬುದು ಗಾಲಿಗೆ ಹಾಕಿದ ಅಗುಳಿ. ಹೆಸರು ಸರಿಯಾದೊಡನೆ ಉಳಿದ ತಿಳಿವಳಿಕೆ ತಾನಾಗಿ ಬರುತ್ತದೆ. ಗಾಳಿ ಬಾಗಿಲನ್ನು ನೂಕುತ್ತಿರುವಾಗ, ಅಥವಾ ಹೊರಗಿನಿಂದ ಯಾರೋ ಒರಗಿ ನಿಂತಿರುವಾಗ, ಅಗುಳಿಯನ್ನು ತೆಗೆಯಹೋದರೆ ಅದು ಜಗ್ಗುವುದಿಲ್ಲ. ನಮ್ಮ ಅಜ್ಜಿಯರು ಏನು ಮಾಡುತ್ತಿದ್ದರು? ಎಡಗೈಯಿಂದ ಬಾಗಿಲನ್ನು ತುಸು ಒತ್ತಿ ಹಿಡಿದು, ಬಲಗೈಯಿಂದ ಅಗುಳಿಯನ್ನು ಸರಿಸುತ್ತಿದ್ದರು. ಭಾರವನ್ನು ಅಗುಳಿಯಿಂದ ಕೈಗೆ ತೆಗೆದುಕೊಂಡ ಮೇಲೆ ಅದು ಬೆಣ್ಣೆಯಂತೆ ಜಾರಿ ಬರುತ್ತಿತ್ತು. ‘ಪಿ’ಯಿಂದ ಹೊರಬರುವ ವಿದ್ಯೆಯ ತಿರುಳೂ ಇಷ್ಟೆ: ಗಾಡಿಯ ಭಾರ ಯಾವುದರ ಮೇಲಿದೆ, ಅದನ್ನು ಯಾವುದಕ್ಕೆ ದಾಟಿಸಬೇಕು.

ಸಮನೆಲದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ನಮ್ಮ ಸೀಮೆಯಾದರೋ ಬಂಡೆಗಳ ಸೀಮೆ. ರಾಮದೇವರ ಬೆಟ್ಟ, ಮಾಗಡಿ ತಾಲ್ಲೂಕಿನ ಸಾವನದುರ್ಗ, ಕನಕಪುರ ತಾಲ್ಲೂಕಿನ ಕಬ್ಬಾಳುದುರ್ಗ. ಇವುಗಳ ತಪ್ಪಲಿಗೆ ರಜೆಯ ದಿನ ಬರುವ ಕಾರುಗಳೆಲ್ಲ ಏರಿನಲ್ಲಿಯೋ ಇಳಿಜಾರಿನಲ್ಲಿಯೋ ನಿಲ್ಲಬೇಕು. ಹೀಗೆ ನಿಂತ ಕಾರೊಂದರ ಕಥೆಯನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಮಿತ್ರರೊಬ್ಬರು, ನನ್ನಂತೆಯೇ ಮೇಷ್ಟರಾಗಿದ್ದವರು, ಸಾವನದುರ್ಗದ ಕಡೆಯ ಒಂದು ಏರುದಾರಿಯ ಪಕ್ಕದಲ್ಲಿ ಕಾರನ್ನು ಮೂತಿ ಮೇಲಾಗಿ ನಿಲ್ಲಿಸಿ, ‘ಪಿ’ಗೆ ಹಾಕಿ, ಹ್ಯಾಂಡ್‌ಬ್ರೇಕನ್ನು ಎಳೆಯದೆ ಇಳಿದರು. ನಾನು ಇನ್ನೊಂದು ಗಾಡಿಯಲ್ಲಿ ಹಿಂದಿನಿಂದ ಬರುವ ಹೊತ್ತಿಗೆ ಅವರು ಮರಳಿ ಹೊರಡಲು ಹವಣಿಸುತ್ತಿದ್ದರು. ಇಂಜಿನ್ ಓಡುತ್ತಿದೆ, ಕಾಲು ಬ್ರೇಕಿನ ಮೇಲಿದೆ, ಆದರೆ ರಾಡು ‘ಪಿ’ ಬಿಟ್ಟು ಅಲ್ಲಾಡದು. ಹಳೆಯ ಕಾರು, ಬೆವರು ಸುರಿಯುವಷ್ಟು ಎಳೆದರು. ಸುತ್ತ ನೆರೆದವರು ನಮ್ಮ ನಾಡಿನ ಪದ್ಧತಿಯಂತೆ ತಲೆಗೊಂದು ಸಲಹೆ ಕೊಟ್ಟರು. ಹಿಂದಿನಿಂದ ನೂಕೋಣವೆಂದು ನಾಲ್ವರು ತರುಣರು ತೋಳು ಮಡಿಸಿಕೊಂಡು ಗಾಡಿಯ ಹಿಂಬದಿಗೆ ಹೋದರು.

ಆಗ ಹುಲ್ಲು ಹೇರಿಕೊಂಡು ಬರುತ್ತಿದ್ದ ಟ್ರಾಕ್ಟರಿನವನೊಬ್ಬ ಇಳಿದು, ಮೊದಲು ಆ ತರುಣರನ್ನು ಗದರಿದನು. “ಯಾರಪ್ಪ ಅದು ಹಿಂದ್ಗಡೆ? ಈಚೆ ಬನ್ನಿ! ಬುಟ್ಕೊಂಡ್ರೆ ನಿಮ್ ಮ್ಯಾಲೇ ಬತ್ತದೆ.” ಆಮೇಲೆ ನನ್ನ ಮಿತ್ರರ ಕಡೆ ತಿರುಗಿ, “ಎಳೀಬ್ಯಾಡಿ ಮೇಷ್ಟ್ರೆ, ಬುಡಿ. ಗಾಡಿ ಬಾರ ಎಲ್ಲಾ ಅದ್ರ ಮ್ಯಾಲೆ ಕೂತದೆ. ಒಸಿ ಎತ್ಕೊಟ್ರೆ ತಾನೇ ಬತ್ತದೆ” ಎಂದನು. ಹಿಂದಿನ ಗಾಲಿಗಳಿಗೆ ಎರಡು ಕಲ್ಲು ಕೊಡಿಸಿದನು. ಟ್ರೈಲರನ್ನು ಕಳಚಿ, ಟ್ರಾಕ್ಟರನ್ನು ಮೇಲುಗಡೆಗೆ ತಂದು, ಕಾರಿನ ಮುಂಭಾಗದ ಕೊಂಡಿಗೆ ಹಗ್ಗ ಬಿಗಿದನು. ಹಗ್ಗ ಬಿಗಿಯಾಗಿ ಕಾರು ಒಂದು ಅಂಗುಲ ಮೇಲಕ್ಕೆ ಬಂದಿತೋ ಇಲ್ಲವೋ, “ಈಗ ಬ್ರೇಕ್ ಅಮುಕಿ ಹಿಡ್ಕಳಿ” ಎಂದನು. ಮಿತ್ರರು ಬ್ರೇಕು ಒತ್ತಿ ಹಿಡಿದು ರಾಡನ್ನು ಮುಟ್ಟಿದರು. ಎರಡು ಬೆರಳಿಗೆ ಅದು ಜಾರಿ ಬಂದಿತು. ಆಮೇಲೆ ವಿಚಾರಿಸಿದರೆ, ಅವನು ಆಟೋಮ್ಯಾಟಿಕ್ ಕಾರನ್ನು ಎಂದೂ ನಡೆಸಿದವನಲ್ಲ. “ಎತ್ತಿನ್ ಗಾಡೀಲೂ ಇದೇ ಅಲ್ವಾ ಸಾ” ಎಂದನು.

ಅವನ ಮಾತು ಅಕ್ಷರಶಃ ನಿಜ. ಏರಿನಲ್ಲಿ ಗಾಡಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡುತ್ತಿದ್ದೆವು. ಹೊರಡುವಾಗ ಆ ಕಲ್ಲನ್ನು ಕಿತ್ತು ತೆಗೆಯಲು ಯಾರೂ ಹೋಗುತ್ತಿರಲಿಲ್ಲ. ಹೋದರೂ ಅದು ಬರುತ್ತಿರಲಿಲ್ಲ, ಬಂದರೆ ಬೆರಳಿಗೆ ಅಪಾಯ. ಎತ್ತುಗಳನ್ನು ಅರ್ಧ ಹೆಜ್ಜೆ ಮುಂದಕ್ಕೆ ಹೊಡೆದಾಗ ಗಾಲಿ ಕಲ್ಲನ್ನು ಬಿಟ್ಟು ಮೇಲೇಳುತ್ತಿತ್ತು, ಹುಡುಗನೊಬ್ಬ ಅದನ್ನು ಕಾಲಿನಿಂದ ಒದ್ದು ಪಕ್ಕಕ್ಕೆ ಸರಿಸುತ್ತಿದ್ದ. ಭಾರ ಮೊದಲು ಎತ್ತುಗಳ ಹೆಗಲಿಗೆ, ಆಮೇಲೆ ಕಲ್ಲಿಗೆ ಬಿಡುಗಡೆ.

ಆದುದರಿಂದ ಹೊರಡುವುದರ ಸುಖದುಃಖವೆಲ್ಲ ನಿಲ್ಲಿಸಿದ ರೀತಿಯಲ್ಲಿ ಅಡಗಿದೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಕಾಲಿನ ಬ್ರೇಕನ್ನು ಒತ್ತಿ ಹಿಡಿದಿರಬೇಕು, ರಾಡನ್ನು ‘ಎನ್’ಗೆ ತಂದು ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆಯಬೇಕು, ಕಾಲನ್ನು ನಿಧಾನವಾಗಿ ಸಡಲಿಸಿ ಗಾಡಿಯ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರಲು ಬಿಡಬೇಕು, ಬಳಿಕ ಮತ್ತೆ ಬ್ರೇಕು ಒತ್ತಿ ‘ಪಿ’ಗೆ ಹಾಕಬೇಕು. ಆಗ ಅಗುಳಿ ಸಂದಿಯಲ್ಲಿ ಹಗುರವಾಗಿ ಕುಳಿತಿರುತ್ತದೆ, ಹ್ಯಾಂಡ್‌ಬ್ರೇಕು ಸೋತರೆ ಮಾತ್ರ ಅದರ ಸರದಿ. ಹೊರಡುವಾಗ ಈ ಕ್ರಮ ತಿರುಗುಮುರುಗಾಗುತ್ತದೆ: ಬಲಗಾಲು ಬ್ರೇಕಿನ ಮೇಲೆ ಗಟ್ಟಿಯಾಗಿ, ಇಂಜಿನ್ ಚಾಲೂ, ರಾಡು ‘ಪಿ’ಯಿಂದ ‘ಡಿ’ಗೋ ‘ಆರ್’ಗೋ, ಅದಾದ ಮೇಲೆ ಹ್ಯಾಂಡ್‌ಬ್ರೇಕಿಗೆ ಬಿಡುಗಡೆ, ಕಟ್ಟಕಡೆಗೆ ಕಾಲು. ಹ್ಯಾಂಡ್‌ಬ್ರೇಕನ್ನು ಮೊದಲೇ ಬಿಟ್ಟರೆ, ಕಾಲು ತುಸು ಸಡಿಲವಾದರೂ ಭಾರವೆಲ್ಲ ಪುನಃ ಅಗುಳಿಯ ಮೇಲೆ ಬೀಳುತ್ತದೆ. ಎಡಗಾಲಿಗೆ ಇಲ್ಲಿ ಏನೂ ಕೆಲಸವಿಲ್ಲ. ಹಳೆಯ ಕಾರಿನ ರೂಢಿಯಿಂದ ಅದು ಇಲ್ಲದ ಕ್ಲಚ್ಚನ್ನು ತುಳಿಯಹೋಗಿ ಅಗಲವಾದ ಬ್ರೇಕನ್ನು ತುಳಿದುಬಿಟ್ಟರೆ ಹಣೆ ಗಾಜಿಗೆ ತಾಗೀತು. ಅದನ್ನು ಹಿಂದಕ್ಕೆ ಮಡಿಸಿ ಇಟ್ಟುಕೊಳ್ಳುವುದು ಲೇಸು.

ಬ್ರೇಕನ್ನು ಒತ್ತದೆ ರಾಡು ‘ಪಿ’ಯನ್ನು ಬಿಡದು ಎಂಬುದು ಈಗಿನ ಇಂಥ ಕಾರುಗಳಲ್ಲಿ ಸಾಮಾನ್ಯವಾದ ಏರ್ಪಾಟು. ಅನೇಕರಿಗೆ ಇದು ಕಿರಿಕಿರಿ. ಅದರ ಹಿಂದೆ ಒಂದು ಕಥೆಯಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಜರ್ಮನಿಯ ಔಡಿ 5000 ಕಾರುಗಳು ನಿಂತಲ್ಲಿಂದ ತಾವಾಗಿ ನುಗ್ಗುತ್ತವೆಂಬ ದೂರು ಎದ್ದಿತು. ಜನ ಸತ್ತರು, ಗಾಯಗೊಂಡರು. 1986ರ ನವೆಂಬರಿನಲ್ಲಿ ದೂರದರ್ಶನದ ಹೆಸರಾಂತ ಕಾರ್ಯಕ್ರಮವೊಂದು ಇದನ್ನು ದೇಶಕ್ಕೆಲ್ಲ ತೋರಿಸಿತು. ಅಲ್ಲಿನ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ ಪರಿಶೀಲನೆ ನಡೆಸಿ 1989ರಲ್ಲಿ ವರದಿ ಕೊಟ್ಟಿತು: ಬಹುತೇಕ ಪ್ರಸಂಗಗಳಲ್ಲಿ ಚಾಲಕರು ಬ್ರೇಕೆಂದು ಭಾವಿಸಿ ವೇಗದ ಪೆಡಲನ್ನು ತುಳಿದಿದ್ದರು. ತುಳಿದವರು ಸುಳ್ಳು ಹೇಳಿದವರಲ್ಲ. ತಾವು ಬ್ರೇಕನ್ನೇ ಒತ್ತುತ್ತಿದ್ದೇವೆಂಬ ನಂಬಿಕೆಯಿಂದ, ಗಾಡಿ ನುಗ್ಗಿದಷ್ಟೂ ಇನ್ನಷ್ಟು ಬಲವಾಗಿ ಒತ್ತಿದ್ದರು. ವಯಸ್ಸಾದ ನಾವು ಇದನ್ನು ಎರಡು ಸಾರಿ ಕೇಳಿಸಿಕೊಳ್ಳಬೇಕು. ಆ ವರದಿ ಬರುವ ಮೊದಲೇ ಔಡಿಯವರು ತಮ್ಮ ಗಾಡಿಗಳಿಗೆ ಈ ಬ್ರೇಕುಬೀಗವನ್ನು ಅಳವಡಿಸಿದ್ದರು. ಕಾಲು ಬ್ರೇಕಿನ ಮೇಲೆಯೇ ಇದೆಯೆಂಬುದಕ್ಕೆ ಕಾರು ಕೇಳುವ ಸಾಕ್ಷಿ ಅದು.

ಮಕ್ಕಳ ವಿಷಯ ಇನ್ನೂ ಗಂಭೀರವಾದುದು. ಬೀಗದ ಕೈಯನ್ನು ಕಾರಿನಲ್ಲಿಯೇ ಬಿಟ್ಟು ಹಿರಿಯರು ಅತ್ತ ಹೋದಾಗ, ಕೂಸು ರಾಡನ್ನು ಆಟಿಕೆಯಂತೆ ಎಳೆದು ಗಾಡಿ ಉರುಳಿದ ದುರಂತಗಳು ನಡೆದಿವೆ. ಅಮೆರಿಕದಲ್ಲಿ 2008ರಲ್ಲಿ ಸಹಿಯಾದ, ಕಾರಿನಡಿ ಸಿಕ್ಕಿ ತೀರಿಕೊಂಡ ಎರಡು ವರ್ಷದ ಮಗುವೊಂದರ ಹೆಸರನ್ನು ಹೊತ್ತ ಕಾನೂನು, 2010ರ ಸೆಪ್ಟೆಂಬರಿನಿಂದ ತಯಾರಾಗುವ ಇಂಥ ಕಾರುಗಳಿಗೆಲ್ಲ ಈ ಬೀಗವನ್ನು ಕಡ್ಡಾಯಗೊಳಿಸಿತು. ಚನ್ನಪಟ್ಟಣದ ಆಲೆಮರದ ಗೊಂಬೆಗಾಡಿಯನ್ನು ಎಳೆದು ಬೆಳೆದ ಮಗುವಿಗೆ ನಿಜವಾದ ಕಾರಿನ ರಾಡೂ ಅರಗಿನ ಬಣ್ಣ ಹಚ್ಚಿದ ಹಿಡಿಯೇ. ಮನೆಯ ಮುಂದೆ ಇಳಿಜಾರಿದ್ದರೆ ಕೀ ನಮ್ಮ ಜೇಬಿನಲ್ಲಿರತಕ್ಕದ್ದು.

ಇನ್ನು, ಸಮನೆಲದಲ್ಲಿಯೇ ರಾಡು ಅಲುಗದೆ ಹೋದರೇನು? ಇದು ಬೆಳಗಿನ ಜಾವ ಆಸ್ಪತ್ರೆಗೆ ಹೊರಟಾಗ ಬರುವ ಕಷ್ಟ. ಆತುರಪಟ್ಟು ರಾಡನ್ನು ಜಗ್ಗಬಾರದು. ಒಳಗಿನ ತಂತಿಯೋ ಪಟ್ಟಿಯೋ ಬಾಗಿದರೆ ಅಕ್ಷರ ಒಂದು ಕಡೆ, ಗೇರು ಒಂದು ಕಡೆ ಆದೀತು. ಬ್ರೇಕುಬೀಗ ತೆರೆಯುವುದು ವಿದ್ಯುತ್ತಿನಿಂದ. ಬ್ರೇಕು ಒತ್ತಿದಾಗ ಹಿಂದಿನ ಕೆಂಪು ದೀಪ ಹೊತ್ತಿಸುವ ಸಣ್ಣ ಸ್ವಿಚ್ಚೇ ಸಾಮಾನ್ಯವಾಗಿ ಈ ಬೀಗಕ್ಕೂ ಅಪ್ಪಣೆ ಕೊಡುವುದು. ಆದ್ದರಿಂದ ಕೀ ತಿರುಗಿಸಿ, ಬ್ರೇಕು ಒತ್ತಿ, ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದಿತೇ ಎಂದು ಮನೆಯವರನ್ನು ಕೇಳಬೇಕು. ಬೀಳದಿದ್ದರೆ ದೋಷ ಬಹುಶಃ ಆ ಸ್ವಿಚ್ಚಿನಲ್ಲಿಯೋ ಫ್ಯೂಸಿನಲ್ಲಿಯೋ ಇದೆ, ಇಲ್ಲವೆ ಬ್ಯಾಟರಿ ಬರಿದಾಗಿದೆ. ಅಂಥ ಹೊತ್ತಿಗೆಂದೇ ಹಲವು ಕಾರುಗಳಲ್ಲಿ ರಾಡಿನ ಪಕ್ಕದಲ್ಲಿ ಉಗುರಿನಗಲದ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕನ್ನು ಎಳೆದು, ಬ್ರೇಕನ್ನು ಒತ್ತಿಕೊಂಡೇ, ಮುಚ್ಚಳ ಎಬ್ಬಿಸಿ ಒಳಗಿನ ಗುಂಡಿಯನ್ನು ಕೀಯಿಂದ ಅದುಮಿದರೆ ರಾಡು ಬರುತ್ತದೆ. ಕೈಪಿಡಿಯಲ್ಲಿ ಇದೆಲ್ಲ ಬರೆದಿರುತ್ತದೆ. ನಾನು ನೋಡಿದ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡದ ನೆಲದಲ್ಲಿ ಕಾರು ಮಾರುವವರು ಈ ಒಂದು ಪುಟವನ್ನಾದರೂ ಕನ್ನಡದಲ್ಲಿ ಅಚ್ಚುಹಾಕಿಸಿದರೆ ಅವರಿಗೆ ನಷ್ಟವಾಗದು. ಆ ಗುಂಡಿ ಎಲ್ಲಿದೆಯೆಂಬುದನ್ನು ಹಗಲಿನಲ್ಲಿ, ನೆಮ್ಮದಿಯಾಗಿರುವಾಗ, ಒಮ್ಮೆ ನೋಡಿಟ್ಟುಕೊಳ್ಳಬೇಕು.

ರಾಡು ‘ಪಿ’ಗೆ ಬಂದಿದೆ ಎಂದು ನಂಬುವುದಕ್ಕೂ ಅದು ನಿಜವಾಗಿ ಬಂದಿರುವುದಕ್ಕೂ ಅಂತರವುಂಟು. 2016ರ ಜೂನ್‌ನಲ್ಲಿ ಆಂಟನ್ ಯೆಲ್ಚಿನ್ ಎಂಬ ಇಪ್ಪತ್ತೇಳು ವರ್ಷದ ಹಾಲಿವುಡ್ ನಟ, ಲಾಸ್ ಏಂಜಲೀಸಿನ ತನ್ನ ಮನೆಯ ಇಳಿಜಾರಿನಲ್ಲಿ ಜೀಪ್ ಗ್ರ್ಯಾಂಡ್ ಚೆರೋಕಿ ಗಾಡಿಯಿಂದ ಇಳಿದಿದ್ದಾಗ, ಅದು ಹಿಂದಕ್ಕೆ ಉರುಳಿ ಅವನನ್ನು ಗೇಟಿನ ಕಂಬಕ್ಕೆ ಒತ್ತಿ ಕೊಂದಿತು. ಆ ಮಾದರಿಯ ರಾಡನ್ನು ಯಾವ ಅಕ್ಷರಕ್ಕೆ ನೂಕಿದರೂ ಕೈಬಿಟ್ಟೊಡನೆ ಮೊದಲಿನ ಜಾಗಕ್ಕೇ ಮರಳುತ್ತಿತ್ತು. ಯಾವ ಗೇರಿನಲ್ಲಿದೆಯೆಂಬುದು ಕೈಗೆ ತಿಳಿಯುತ್ತಿರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿಯೇ ಕಂಪೆನಿ ಜಗತ್ತಿನಾದ್ಯಂತ ಸುಮಾರು ಹನ್ನೊಂದು ಲಕ್ಷ ವಾಹನಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆದಿತ್ತು. ಅಂದಿನ ಹ್ಯಾಂಡ್‌ಬ್ರೇಕಿನ ಒಂದು ಎಳೆತ ಆ ತರುಣನನ್ನು ಉಳಿಸುತ್ತಿತ್ತೇನೋ.

ನಮ್ಮಲ್ಲಿ ಇನ್ನೊಂದು ತೊಡಕಿದೆ. 2014ರಲ್ಲಿ ಮಾರುತಿಯವರು ಸೆಲೆರಿಯೊ ಕಾರಿನೊಂದಿಗೆ ಕಡಮೆ ಬೆಲೆಯ ಒಂದು ಬಗೆಯನ್ನು ತಂದರು. ಗೇರುಪೆಟ್ಟಿಗೆ ಹಳೆಯದೇ, ಕ್ಲಚ್ಚು ಒತ್ತಿ ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರವೇ ಮಾಡುತ್ತದೆ. ನಮ್ಮ ಊರುಗಳ ಸಣ್ಣ ಆಟೋಮ್ಯಾಟಿಕ್ ಕಾರುಗಳಲ್ಲಿ ಈ ಜಾತಿಯವು ಬಹಳ. ಅವುಗಳಲ್ಲಿ ಬಹುಮಟ್ಟಿಗೆ ‘ಪಿ’ ಎಂಬ ಅಕ್ಷರವೇ ಇಲ್ಲ. ಮಗನ ಕಾರಿನಲ್ಲಿ ‘ಪಿ’ಗೆ ಹಾಕಿ ರೂಢಿಯಾದ ತಂದೆ ಸೊಸೆಯ ಕಾರನ್ನು ‘ಎನ್’ನಲ್ಲಿ ಬಿಟ್ಟು, ಬಿಡದಿಯ ತಟ್ಟೆ ಇಡ್ಲಿಯ ಹೋಟೆಲಿನ ಮುಂದೆ ಇಳಿದರೆ, ಆ ಗಾಡಿಗೆ ಅಗುಳಿಯೇ ಬಿದ್ದಿರುವುದಿಲ್ಲ. ಅದನ್ನು ಗೇರಿನಲ್ಲಿಟ್ಟು ಇಂಜಿನ್ ಆರಿಸಬೇಕು, ಹ್ಯಾಂಡ್‌ಬ್ರೇಕು ಎಳೆಯಬೇಕು.

ಈಗೀಗ ಬರುತ್ತಿರುವ ವಿದ್ಯುತ್ ಕಾರುಗಳಲ್ಲಿ ರಾಡಿನ ಬದಲು ಗುಂಡಿಯೋ ತಿರುಪೋ ಇರುವುದೂ ಉಂಟು. ಅಂಥವುಗಳಲ್ಲಿ ಅಗುಳಿಯನ್ನು ಜರುಗಿಸುವುದು ಒಂದು ಪುಟ್ಟ ಮೋಟಾರು, ಅದಕ್ಕೆ ಶಕ್ತಿ ಕೊಡುವುದು ಹನ್ನೆರಡು ವೋಲ್ಟಿನ ಸಾಮಾನ್ಯ ಬ್ಯಾಟರಿ. ಗಾಲಿಗಳನ್ನು ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಚಿಕ್ಕದು ಬರಿದಾದರೆ ಕಾರು ‘ಪಿ’ಯಿಂದ ಹೊರಬರಲಾರದು, ಕೀಯಿಂದ ಅದುಮುವ ಗುಂಡಿ ಅನೇಕ ಮಾದರಿಗಳಲ್ಲಿ ಇರುವುದೂ ಇಲ್ಲ. ಅಂಥ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬಾರದು. ಹೊರಗಿನಿಂದ ಆ ಚಿಕ್ಕ ಬ್ಯಾಟರಿಗೆ ಶಕ್ತಿ ಕೊಡಬೇಕು. ಅದೂ ಆಗದಿದ್ದರೆ ಬಿಗಿದ ಗಾಲಿಗಳ ಕೆಳಗೆ ಪುಟ್ಟ ಉರುಳುಗಾಲಿಗಳ ಹಲಗೆಗಳನ್ನು ತೂರಿಸಿ, ನಾಲ್ಕನ್ನೂ ನೆಲದಿಂದ ಎತ್ತಿ, ತಟ್ಟುಲಾರಿಯ ಮೇಲೆ ಏರಿಸಿಕೊಂಡು ಹೋಗಬೇಕು.